ಹಂಡೆ ತುಂಬ ಬಿಸಿನೀರು

ಈರೇಶ ಹಿತ್ತಲ ಬಾಗಿಲ ಚಿಲಕವನ್ನು ಬೆರಳಿನಿಂದ ಒತ್ತಿ ಹಿಡಿದು, ಸದ್ದಾಗದಂತೆ ಸರಿಸಿದ. ಮಗುವಿನ ಪಕ್ಕದಲ್ಲಿ ಕಣ್ಣು ಮುಚ್ಚಿ ಮಲಗಿದ್ದ ಅವನ ಹೆಂಡತಿ ಲಕ್ಷ್ಮೀದೇವಿಗೆ ಎಚ್ಚರವಿತ್ತು. ಮದುವೆಯಾದಾಗಿನಿಂದ ಬಾಗಿಲನ್ನು ಧಡಾರನೆ ಹಾಕಿಯೇ ಗೊತ್ತಿದ್ದ ಗಂಡಸು ಈಚೆಗೆ ತುದಿಗಾಲಲ್ಲಿ ನಡೆಯುವುದನ್ನು ಕಲಿತಿದ್ದ.

ಅವಳು ಎದ್ದು ಕಿಟಕಿಗೆ ಬಂದಳು. ಇನ್ನೂ ನಸುಕು. ಅವನು ರಸ್ತೆಯ ಕಡೆಗೆ ಹೋಗಲಿಲ್ಲ. ಬೇಲಿಯ ಸಂದಿಯಲ್ಲಿ ಬಗ್ಗಿ, ಪಕ್ಕದ ಮನೆಯ ಜ್ಯೋತಿಯ ಹಿತ್ತಲಿಗೆ ಇಳಿದ.

ಜ್ಯೋತಿಯ ಅಡುಗೆಮನೆಯಲ್ಲಿ ದೀಪ ಹೊತ್ತಿಕೊಂಡ ಕೂಡಲೇ ಅವನು ಮರಳಿದ. ಹೆಗಲ ಮೇಲೆ ಕಟ್ಟಿಗೆಯ ಚೀಲ, ಏದುಸಿರು. ಇವನನ್ನು ಕಳಿಸಿಕೊಟ್ಟೇ ಆಕೆ ದೀಪ ಹಾಕುತ್ತಾಳೆ ಎಂದುಕೊಂಡಳು ಲಕ್ಷ್ಮೀದೇವಿ. ತುಸು ಹೊತ್ತಿನಲ್ಲಿ ಬಚ್ಚಲ ಒಲೆ ಉರಿಯತೊಡಗಿತು.

ಆ ಚಳಿಗಾಲ ಮುಂಡಗೋಡದಲ್ಲಿ ಉರುವಲಿಗೆ ಬರ ಬಂದಿತ್ತು. ಗ್ಯಾಸ್ ಬುಕ್ ಮಾಡಿದವರು ಸಿಲಿಂಡರಿನ ದಾರಿ ಕಾಯುತ್ತ ಕುಳಿತಿದ್ದರು. ರೇಷನ್ ಸೀಮೆಎಣ್ಣೆ ನಿಂತು ಎಷ್ಟೋ ಕಾಲವಾಗಿತ್ತು. ಪುಳ್ಳೆ ಆರಿಸಲು ಕಾಡಿಗೆ ಹೋದವರು ಗಾರ್ಡುಗಳ ಬೈಗುಳ ತಿಂದು ಬರಿಗೈಯಲ್ಲಿ ಬರುತ್ತಿದ್ದರು. ಬೆಳಗಿನ ವೋಲ್ಟೇಜಿಗೆ ಹೀಟರ್ ಹಾಕಿದರೆ ನೀರಿನ ತಣಸು ಮುರಿದರೆ ಅದೇ ಹೆಚ್ಚು. ಓಣಿಯ ಮಂದಿಯೆಲ್ಲ ಹಲ್ಲು ಕಚ್ಚಿ ತಣ್ಣೀರು ಸುರಿದುಕೊಳ್ಳುತ್ತಿದ್ದರು.

ಬಾಣಂತಿ ಲಕ್ಷ್ಮೀದೇವಿಗೆ ಮಾತ್ರ ದಿನವೂ ಹಂಡೆ ತುಂಬ ಕುದಿಯುವ ನೀರು. ತವರಿನಲ್ಲಿ ತಾಯಿಯಿಲ್ಲದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ನಡೆದಿತ್ತು. ಅತ್ತೆ ಗುರುಸಿದ್ದವ್ವ ಅವಳ ಬೆನ್ನಿಗೆ ನೀರು ಹೊಯ್ಯುತ್ತ, ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ಮಗನನ್ನು ಹೊಗಳುತ್ತಿದ್ದಳು. ಕಟ್ಟಿಗೆ ಎಲ್ಲಿಯದೆಂದು ಕೇಳಿದರೆ ಈರೇಶ, ಶಿವಲಿಂಗಪ್ಪನ ಸಾಮಿಲ್ಲಿನದು ಎನ್ನುತ್ತಿದ್ದ.

ಅದು ಸುಳ್ಳೆಂದು ಅವಳಿಗೆ ಒಲೆಯ ಮುಂದೆ ಬಿದ್ದ ಒಂದು ತುಂಡೇ ಹೇಳಿತ್ತು. ಹಳೆಯ ಬಾಗಿಲ ಚೌಕಟ್ಟಿನ ಸೀಳು, ಒಂದು ಮಗ್ಗುಲಿಗೆ ಹಸಿರು ಬಣ್ಣ. ಆ ಹಸಿರು ಓಣಿಗೆಲ್ಲ ಗೊತ್ತು. ದಸರೆಯ ಹೊತ್ತಿಗೆ ಜ್ಯೋತಿ ತನ್ನ ತಂದೆಯ ಹಳೆಯ ಮನೆ ಕೆಡವಿಸಿ, ಬಾಗಿಲು, ತೊಲೆಗಳನ್ನೆಲ್ಲ ಸೀಳಿಸಿ ಹಿತ್ತಲಲ್ಲಿ ಒಟ್ಟಿಸಿದ್ದಳು.

ಜ್ಯೋತಿಯ ಗಂಡ ಲಾರಿ ಹತ್ತಿ ಗೋವಾ ಕಡೆ ಹೋದರೆ ಬರುವುದು ಯಾವಾಗಲೋ. ಆಕೆ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಬಳುಕುವ ಮೈ, ಮಾತಿಗೊಂದು ನಗು. ಈರೇಶನಿಗೆ ಮೊದಲು ನೋಡಿದ ಕನ್ಯೆ ಆಕೆಯೇ ಎಂದು ಅತ್ತೆ ಎಂದೋ ಬಾಯಿಬಿಟ್ಟಿದ್ದಳು.

ಲಕ್ಷ್ಮೀದೇವಿ ತನ್ನನ್ನು ತಾನು ನೋಡಿಕೊಂಡಳು. ಕಿವಿ ಮುಚ್ಚಿ ಬಿಗಿದ ಸ್ಕಾರ್ಫು, ಸಡಿಲಾದ ಹೊಟ್ಟೆ, ಮೈಯೆಲ್ಲ ಎಣ್ಣೆಯ ಜಿಡ್ಡು. ಇಲ್ಲದ ಕಾಲದಲ್ಲಿ ಯಾರಾದರೂ ಯಾರಿಗಾದರೂ ಸುಮ್ಮನೆ ಕಟ್ಟಿಗೆ ಕೊಡುತ್ತಾರೆಯೇ? ಅಂದಿನಿಂದ ಬಿಸಿನೀರು ಹಿತವೆನಿಸಲಿಲ್ಲ. ಪ್ರತಿ ತಂಬಿಗೆಯನ್ನೂ ಜ್ಯೋತಿಯೇ ನಿಂತು ಹೊಯ್ಯುತ್ತಿರುವಂತೆ ಮೈ ಉರಿಯುತ್ತಿತ್ತು.

ಒಂದು ಸಂಜೆ ಜ್ಯೋತಿಯೇ ಹೊಸ್ತಿಲಿಗೆ ಬಂದು ನಿಂತಳು. ನಿಮ್ಮ ಮನೆಯವರು ಇದ್ದಾರೆಯೇ ಎಂದು ಕೇಳಿದಳು. ಏನು ಕೆಲಸವೆಂದು ಲಕ್ಷ್ಮೀದೇವಿ ಕೇಳಿದಳು.

"ನೀವು ಹಸೀ ಬಾಣಂತಿ, ನಿಮಗ್ಯಾಕ ಬಿಡ್ರಿ ಅದೆಲ್ಲಾ. ಅವರಿಗೇ ಹೇಳ್ತೇನಿ."

ಒಳಗೆ ಚಹಾ ಕುಡಿಯುತ್ತಿದ್ದ ಈರೇಶ ಬಟ್ಟಲು ಬಿಟ್ಟು ಎದ್ದವನೇ, ತಾನಿಲ್ಲವೆಂದು ಹೇಳು ಎಂದು ಕೈಸನ್ನೆ ಮಾಡಿ ಬಚ್ಚಲು ಸೇರಿಕೊಂಡ. ಅವನ ಮುಖ ಕೆಂಪಾಗಿತ್ತು. ಆಕೆ ಹೋದ ಮೇಲೆ ಲಕ್ಷ್ಮೀದೇವಿ ಮಾತು ತೆಗೆಯುವಷ್ಟರಲ್ಲಿ ಅವನೇ, "ಆಕಿ ಹೆಸರು ಈ ಮನ್ಯಾಗ ಎತ್ತಬ್ಯಾಡ" ಎಂದ. ಇನ್ನು ಕೇಳುವುದು ಏನೂ ಉಳಿದಿಲ್ಲ ಎನಿಸಿತು ಅವಳಿಗೆ.

ಮರುದಿನ ಅವನು ಬಸ್ ಸ್ಟ್ಯಾಂಡಿನ ಹತ್ತಿರದ ತನ್ನ ಪಂಕ್ಚರ್ ಅಂಗಡಿಗೆ ಹೋದ. ಅತ್ತೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತ ತೂಕಡಿಸುತ್ತಿದ್ದಳು. ಲಕ್ಷ್ಮೀದೇವಿ ಒಲೆಯ ಪಕ್ಕದಲ್ಲಿ ಉಳಿದಿದ್ದ ಕಟ್ಟಿಗೆಯನ್ನೆಲ್ಲ ಚೀಲಕ್ಕೆ ತುಂಬಿದಳು. ಬಾಣಂತಿ ಹೊಸ್ತಿಲು ದಾಟಬಾರದು, ಭಾರ ಎತ್ತಬಾರದು. ಅವಳು ಎರಡನ್ನೂ ಮಾಡಿದಳು. ಸೊಂಟ ಸಿಡಿಯಿತು, ಕಣ್ಣಿಗೆ ಕತ್ತಲೆ ಬಂತು, ನಿಲ್ಲಲಿಲ್ಲ.

ಓಣಿಯ ಹೆಂಗಸರು ನಳದ ಮುಂದೆ ಕೊಡಗಳನ್ನು ಸಾಲಿಗಿಟ್ಟು ನಿಂತಿದ್ದರು. ಅವರು ಕೇಳಲೆಂದೇ ಅವಳು ಆ ಹೊತ್ತು ನೋಡಿ ಬಂದಿದ್ದಳು. ಜ್ಯೋತಿಯ ಅಂಗಳದಲ್ಲಿ ಚೀಲವನ್ನು ಬೋರಲು ಹಾಕಿದಳು.

"ನಿನ್ನ ಕಟಗಿ ನಿನಗ ಇರಲಿ. ನನ್ನ ಗಂಡನ್ನ ನನಗ ಬಿಡು. ದಿನಾ ನಸಿಕಿನ್ಯಾಗ ನಿನ್ನ ಹಿತ್ತಲಕ್ಕ ಬರೂದನ್ನ ನನ್ನ ಕಣ್ಣಾರೆ ನೋಡೇನಿ."

ನಳದ ಹತ್ತಿರದ ಹೆಂಗಸರು ಇತ್ತ ತಿರುಗಿದರು. ಜ್ಯೋತಿ ಹೊಲಿಗೆ ಬಿಟ್ಟು ಹೊರಬಂದಳು. ಕುಕ್ಕರಗಾಲಲ್ಲಿ ಕುಳಿತು, ಹಸಿರು ಬಣ್ಣದ ಒಂದು ಸೀಳನ್ನು ಎತ್ತಿ ತಿರುವಿ ನೋಡಿದಳು. ಮುಖದ ಮೇಲಿನ ನಗು ಹೋಯಿತು. ಹೆಂಗಸರ ಕಡೆ ಒಮ್ಮೆ ನೋಡಿ, ಎದ್ದು ಬಂದು, ಲಕ್ಷ್ಮೀದೇವಿಯ ತೋಳು ಹಿಡಿದಳು. ಒಳಗೆ ಹೋಗಿ ಮಾತಾಡೋಣ, ಇಲ್ಲಿ ಬೇಡ ಎಂದು ಪಿಸುಗುಟ್ಟಿದಳು.

ಲಕ್ಷ್ಮೀದೇವಿ ಕೈ ಕೊಡವಿಕೊಂಡಳು.

"ಯಾಕ, ನಾಚಿಕಿ ಬಂತೇನು? ಎಲ್ಲಾರ ಮುಂದ ಹೇಳು. ನನ್ನ ಗಂಡಗ ದಿನಾ ಕಟಗಿ ಯಾಕ ಕೊಡ್ತಿ?"

ಜ್ಯೋತಿ ನಳದ ಕಡೆ ಇನ್ನೊಮ್ಮೆ ನೋಡಿದಳು. ಉತ್ತರ ಹೇಳದೆ ಬಿಡುವ ಹಾಗಿರಲಿಲ್ಲ.

"ನಾ ಯಾರಿಗೂ ಒಂದು ಚೂರೂ ಕೊಟ್ಟಿಲ್ಲಕ್ಕಾ. ಹಿತ್ತಲದಾಗ ದಿನಾ ಕಳ್ಳ ಬರಾಕತ್ತಾನ, ಒಂದಿನ ಕಾಯ್ದು ಹಿಡಿದು ಕೊಡ್ರಿ ಅಂತ ಕೇಳಾಕ ನಿಮ್ಮ ಮನಿಯವರ ಹತ್ರ ಬಂದಿದ್ದೆ."