ಹಿತ್ತಲ ಮೆಣಸಿನಕಾಯಿ

ಸುವರ್ಣಮ್ಮ ಸೊಸೆಗೆ ದೃಷ್ಟಿ ನಿವಾಳಿಸಿ, ಹಿಡಿಯಲ್ಲಿದ್ದ ಉಪ್ಪು, ಒಣಮೆಣಸಿನಕಾಯಿಯನ್ನು ಒಲೆಯ ಕೆಂಡಕ್ಕೆ ಹಾಕಿದರು. ಘಾಟೆದ್ದರೆ ದೃಷ್ಟಿಯಾಗಿಲ್ಲ; ಏಳದಿದ್ದರೆ ಕಾಯಿಲೆಯೆಲ್ಲ ಬರೀ ದೃಷ್ಟಿ, ಇಲ್ಲಿಗೆ ಬಿಟ್ಟುಹೋಯಿತು ಎಂದು ಲೆಕ್ಕ. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಮೈಸೂರಿನ ಡಾಕ್ಟರು ಮಧುವನಹಳ್ಳಿಗೆ ವಾಪಸು ಕಳಿಸಿದ ಮೇಲೆ ಶಿವರಂಜನಿ ಒಲೆಯೆದುರಿನ ಚಾಪೆ ಬಿಟ್ಟು ಎದ್ದಿರಲಿಲ್ಲ.

"ನೋಡವ್ವ, ವಸಿನೂ ಘಾಟಿಲ್ಲ! ದಿಷ್ಟಿನೇ ಕಣವ್ವ ಆಗಿದ್ದದ್ದು. ಇನ್ನು ಎದ್ದು ಓಡಾಡ್ತೀಯ ತಗೊ," ಎಂದರು ಸುವರ್ಣಮ್ಮ.

ಶಿವರಂಜನಿಗೆ ನಗು ಬಂತು. ಕೆಂಡದ ಮೇಲೆ ಸುರುಟುತ್ತಿದ್ದುದು ಅವಳೇ ಹಿತ್ತಲಲ್ಲಿ ಬೆಳೆದ, ಹಣ್ಣಿನಂತೆ ಕಚ್ಚಿ ತಿನ್ನುವ ಸಿಹಿ ಮೆಣಸಿನಕಾಯಿ. ಅದನ್ನು ಸುಟ್ಟರೆ ಘಾಟೆಲ್ಲಿಂದ ಬರಬೇಕು? "ಖಾರ ಇಲ್ದಿದ್ ಮ್ಯಾಲೆ ಅದ್ಯಾವ ಸೀಮೆ ಮೆಣಸಿನಕಾಯವ್ವ?" ಎಂದು ಗಿಡ ನೆಟ್ಟಾಗಿನಿಂದ ಆಡಿಕೊಂಡವರು ಇದೇ ಅತ್ತೆ. ಈಗ ಗುರುತು ಸಿಗಲಿಲ್ಲವೇ ಎಂದು ಕೇಳಲು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಖಾರದ ಮೆಣಸಿನಕಾಯಿಯ ಡಬ್ಬಿ ಕಣ್ಣಿಗೆ ಬಿತ್ತು. ಒಲೆಯ ಪಕ್ಕದಲ್ಲೇ, ಅತ್ತೆಯ ಕೈಗೆಟುಕುವಂತೆ, ತುಂಬಿದ್ದು ತುಂಬಿದ ಹಾಗೇ ಇತ್ತು. ಘಾಟೇ ಇಲ್ಲದ ಹೊಗೆಗೆ ಅತ್ತೆ ಮಾತ್ರ ಗೋಡೆ ಕಡೆ ತಿರುಗಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಹೂಂ ಕಣತ್ತೆ," ಎಂದಳು ಶಿವರಂಜನಿ. "ದಿಷ್ಟಿನೇ ಇರ್ಬೇಕು."