ಸೋಮವಾರದ ಅರಳೆ

ಕಪಾಟಿನಲ್ಲಿ ಮತ್ತೆ ಒಂದು ಮಷೀನು ಕಡಿಮೆ. ಅಂದಾನಪ್ಪ ಇನ್ನೊಮ್ಮೆ ಎಣಿಸಿದ, ಕಡಿಮೆಯೇ. ಇವತ್ತೂ ಸೋಮವಾರ. ಊಟದ ಹೊತ್ತಿಗೆ ಅದು ತಾನಾಗಿ ಬಂದು ಜಾಗದಲ್ಲಿ ಕೂತಿರುತ್ತದೆ, ಅದೂ ಗೊತ್ತು. ಕದ್ದವರು ಮರಳಿ ಯಾಕೆ ಇಡುತ್ತಾರೆ? ಬಿಚ್ಚಿ ಒಳಗಿನ ನಮೂನೆ ನೋಡಿಕೊಂಡು ಹುಬ್ಬಳ್ಳಿಯ ಯಾರಿಗೋ ಹೇಳಲಿಕ್ಕೆ, ಮತ್ತೇತಕ್ಕೆ!

ಬೆಟಗೇರಿಯ ಆ ತಗಡಿನ ಶೆಡ್ಡಿನಲ್ಲಿ ಕಿವುಡರಿಗೆ ಕಿವಿ ಮಷೀನುಗಳು ತಯಾರಾಗುತ್ತಿದ್ದವು. ಎದೆಯ ಹತ್ತಿರ ಸಿಕ್ಕಿಸಿಕೊಳ್ಳುವ ಪುಟ್ಟ ಡಬ್ಬಿ, ಅದರಿಂದ ಕಿವಿಗೆ ಹೋಗುವ ವೈರು, ವೈರಿನ ತುದಿಗೆ ಕಿವಿಯಲ್ಲಿ ಕೂರುವ ಗುಂಡಿ. ಮಾಲೀಕ ಖಾಜಾಸಾಬರದು ಒಂದೇ ಹಟ. "ನಾವು ಡಬ್ಬಿ ಮಾಡೂದಲ್ಲೋ ಅಂದಾನಪ್ಪ, ಮಂದಿಗೆ ಮಾತು ಮುಟ್ಟಸ್ತೀವಿ. ಕೇಳಸಲಿಲ್ಲಂದ್ರ ಹೆಂಗಿರತೈತಿ ಅಂತ ನಮಗ ಗೊತ್ತಿರಬೇಕು."

ಅದಕ್ಕೇ ಪ್ರತಿ ಸೋಮವಾರ ಊಟದವರೆಗೆ ಎಲ್ಲರೂ ಕಿವಿಗೆ ಅರಳೆ ತುರುಕಿಕೊಂಡು ಕೆಲಸ ಮಾಡಬೇಕು. ಗದಗಿನಲ್ಲಿ ಅರಳೆಗೇನು ಬರ. ಖಾಜಾಸಾಬರೂ ತುರುಕಿಕೊಳ್ಳುತ್ತಿದ್ದರು. ಮೇಸ್ತ್ರಿ ಅಂದಾನಪ್ಪ ಮಾತ್ರ ತೋರಿಕೆಗೆ ಚಿಟಿಕೆಯಷ್ಟು ಇಟ್ಟುಕೊಂಡು ತಿರುಗುತ್ತಿದ್ದ.

ಅವನ ಅನುಮಾನವೆಲ್ಲ ಫಕ್ಕೀರವ್ವನ ಮೇಲೆ. ಹರ್ತಿಯಿಂದ ಬಸ್ಸಿಗೆ ಬಂದು, ತಲೆತುಂಬ ಸೆರಗು ಹೊದ್ದು, ಕಿಟಕಿ ಪಕ್ಕ ಕೂತು ಬೆಸುಗೆ ಹಾಕುವ ಹೆಣ್ಣುಮಗಳು. ಕೆಲಸ ಚೊಕ್ಕ, ಸೊಕ್ಕು ಬಹಳ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಎದುರು ನಿಂತು ಬೈದರೆ ತಲೆ ತಗ್ಗಿಸದೆ ಬಾಯನ್ನೇ ದಿಟ್ಟಿಸುತ್ತಾಳೆ. ಸೋಮವಾರ ಬಂತೆಂದರೆ ಮಾತ್ರ ಮುಖ ಅರಳುತ್ತಿತ್ತು. ಗದಗ ಸ್ಟೇಷನ್ನಿನ ಕಡೆ ಇಂಜಿನ್ನು ಕೂಗುವ ಹೊತ್ತಿಗೆ, ಯಾರಿಗೋ ಕಾಯುವವಳ ಹಾಗೆ ಕಿಟಕಿಯತ್ತ ನೋಡಿ ನಗುತ್ತಿದ್ದಳು.

ಹುಬ್ಬಳ್ಳಿಯವನು ಅದೇ ಗಾಡಿಗೆ ಬರುತ್ತಾನೆಂದು ಅಂದಾನಪ್ಪ ಲೆಕ್ಕ ಹಾಕಿದ. ಕಳ್ಳತನ ಸಾಬೀತಾದರೆ ಇವಳ ಕೆಲಸ ಹೋದ ಹಾಗೆಯೇ. ಅಲ್ಲಿಯವರೆಗೆ ಬಾಯಿ ಸುಮ್ಮನಿರಬೇಕಲ್ಲ? ಸೋಮವಾರಗಳಲ್ಲಿ ಅವಳ ಬೆನ್ನ ಹಿಂದೆ ನಿಂತು, "ಕಳ್ಳಿ. ತಿಂದ ಮನಿಗೇ ಕನ್ನಾ ಹಾಕಾಕಿ" ಎನ್ನುತ್ತಿದ್ದ. ಮೊದಮೊದಲು ಮೆಲ್ಲಗೆ, ಆಮೇಲೆ ಬಾಯಿತುಂಬ. ಕೇಳುವವರು ಯಾರಿದ್ದಾರೆ!

ಆ ಸೋಮವಾರ ಸಂಜೆ ಬಾಗಿಲಲ್ಲಿ, ಎಲ್ಲರ ಎದುರಿಗೆ, ನಮೂನೆ ಬರೆದ ಚೀಟಿಯಾದರೂ ಸಿಕ್ಕೀತೆಂದು ಅವಳ ಚೀಲ ಕಸಿದು ಸುರುವಿದ. ರೊಟ್ಟಿ ಕಟ್ಟಿದ ಅರಿವೆ, ಬಸ್ಸಿನ ಚಿಲ್ಲರೆ, ನೀಟಾಗಿ ಮಡಿಸಿಟ್ಟ ಅರಳೆ. ಅಷ್ಟೇ. ಕಪಾಟಿನಲ್ಲಿ ಮಷೀನುಗಳೂ ಎಲ್ಲಾ ಇದ್ದವು. ಫಕ್ಕೀರವ್ವ ಅಳಲಿಲ್ಲ. ಅವನ ಬಾಯನ್ನೇ ನೋಡುತ್ತ ನಿಂತಳು, ಆಮೇಲೆ ಕೂತು ಒಂದೊಂದೇ ಆರಿಸಿಕೊಂಡಳು.

"ಬಾಯಿಬಿಟ್ಟು ಕೇಳಿದ್ರ ಸಾಕಿತ್ತಲ್ಲೋ" ಎಂದರು ಖಾಜಾಸಾಬರು.

ಅಂದಾನಪ್ಪನಿಗೆ ಅಂದು, ಹೆಣ್ಣುಮಗಳ ಬುತ್ತಿಯ ಅರಿವೆಯನ್ನು ನೆಲಕ್ಕೆ ಚೆಲ್ಲಿದ ಕೈ ಇದು ಎಂದು ತನ್ನ ಕೈಯನ್ನು ನೋಡಿಕೊಳ್ಳಲೂ ನಾಚಿಕೆಯಾಯಿತು. ವಾರವಿಡೀ ಅವಳ ಮೇಜಿನವರೆಗೆ ಹೋಗುವುದು, ತಿರುಗಿ ಬರುವುದು. ಆ ಕಣ್ಣು ಬಾಯಿಯ ಮೇಲೆ ನೆಟ್ಟರೆ ನಾಲಿಗೆ ಏಳುತ್ತಿರಲಿಲ್ಲ.

ಸೋಮವಾರ ಬಂತು. ಎಲ್ಲರ ಕಿವಿಗೂ ಅರಳೆ ಬಿತ್ತು. ಕಪಾಟಿನತ್ತ ಅವನು ಹೋಗಲಿಲ್ಲ. ಎಣಿಸುವ ಮುಖ ಉಳಿದಿರಲಿಲ್ಲ. ಅವಳ ಬೆನ್ನ ಹಿಂದೆ ಬಂದು ನಿಂತ. ಹೇಡಿಯ ಕೆಲಸ, ಅವನಿಗೂ ಗೊತ್ತು. ಕೇಳದವಳ ಮುಂದೆ ಅಂದು ಮುಗಿಸಿದರೆ ಎದೆಯಾದರೂ ಹಗುರಾದೀತು.

"ಫಕ್ಕೀರವ್ವಾ, ತಪ್ಪಾತು. ನೀ ಕಳ್ಳಿ ಅಲ್ಲ. ನನ್ನ ಬಾಯೇ ಹೊಲಸು. ಹೊಟ್ಯಾಗ ಹಾಕ್ಕೋವಾ."

ಬೆಸುಗೆಯ ಕೈ ನಿಂತಿತು.

"ಆತು ಬಿಡ್ರಿ" ಎಂದಳು ಫಕ್ಕೀರವ್ವ, ತಿರುಗದೆಯೇ.

ಅವಳು ನಿಧಾನವಾಗಿ ತಿರುಗಿ, ಸೆರಗು ಸರಿಸಿ, ಕಿವಿಯ ಅರಳೆ ತೆಗೆದಳು. ಅರಳೆಯ ಹಿಂದೆ ಮಷೀನಿನ ಗುಂಡಿ ಕೂತಿತ್ತು. ಅದರ ವೈರು ಕುಪ್ಪಸದೊಳಕ್ಕೆ ಇಳಿದಿತ್ತು.

"ಕಿವುಡಿ ಅಂದ್ರ ಕೆಲಸಕ್ಕ ಇಟ್ಕೊಳ್ಳೂದಿಲ್ಲಂತ ಹೆದರಿದ್ನಿರಿ. ಸೋಮವಾರ ಅಷ್ಟ, ಅರಳಿ ಹಿಂದ ಇದನ್ನ ಹಾಕ್ಕೊಂಡು ಕುಂಡ್ರತಿದ್ನಿ. ವಾರಕ್ಕೊಮ್ಮೆ ಕಿವಿ ಕೇಳತಿತ್ತು. ಇವತ್ತ ಮೊದಲನೇ ಸಲ ನಿಮ್ಮ ಬಾಯಾಗ ಛಲೋ ಮಾತು ಕೇಳಿದ್ನಿ."