ಕೋಟೆಗೆ ಒಂದೇ ಬಾಗಿಲು

ಆಟದಲ್ಲಿ ಮಗಳ ಕೈಲಿ ಸೋತ ಒಬ್ಬ ಅಪ್ಪನ ಕಥೆ ಇದು... ಕೊನೆಯವರೆಗೂ ಓದಿ.

ಚಿತ್ರದುರ್ಗದ ತಿಪ್ಪೇಶ ಮನೆ ಕಟ್ಟಿಸುವ ಕಂಟ್ರಾಕ್ಟರ್. ಕೆಲಸದಲ್ಲಿ ಬಲು ಅಚ್ಚುಕಟ್ಟು... ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ಸಿಟ್ಟು ಬಂದಾಗ ಹೆಂಡತಿ ಗಂಗಾಂಬಿಕೆಯನ್ನು ರೂಮಿಗೆ ಎಳೆದುಕೊಂಡು ಹೋಗಿ, ಚಿಲಕ ಹಾಕಿ ಹೊಡೆಯುತ್ತಿದ್ದ.

ಮಗಳ ಕಣ್ಣೆದುರು ಒಂದು ದಿನವೂ ಕೈ ಎತ್ತಿದವನಲ್ಲ ಎಂಬ ಹೆಮ್ಮೆ ಬೇರೆ ಈ ಮಹಾಶಯನಿಗೆ.

ಮಗಳು ಪ್ರಣತಿಗೆ ಏಳು ವರ್ಷ. ಹುಟ್ಟುಹಬ್ಬಕ್ಕೆ ಅಪ್ಪ ಕೋಟೆ ಕಟ್ಟುವ ಬ್ಲಾಕ್ಸ್ ಸೆಟ್ ತಂದಿದ್ದ. ದೊಡ್ಡಮ್ಮ, ಅಂದರೆ ಗಂಗಾಂಬಿಕೆಯ ಅಕ್ಕ, ಕಡಲ್ಗಳ್ಳರ ಹಡಗಿನ ಸೆಟ್ ಕೊಟ್ಟಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಅಪ್ಪ ಮಗಳಿಬ್ಬರೂ ಹಾಲ್‌ನಲ್ಲಿ ಯುದ್ಧಕ್ಕೆ ಕೂತರು. ಅಪ್ಪ ರಾಜ... ಮಗಳು ಪೈರೇಟ್.

ದುರ್ಗದ ಹುಡುಗಿಯಾಗಿ ಕೋಟೆ ಬಿಟ್ಟು ಕಳ್ಳರ ಕಡೆ ಸೇರಿದೆಯಲ್ಲೇ ಎಂದು ಅಪ್ಪ ರೇಗಿಸಿದ. ಮಗಳು ನಗಲಿಲ್ಲ.

ಹಡಗು ಬಂದು ಗೋಡೆಗೆ ಗುದ್ದಿತು... ಬುರುಜು ಉರುಳಿತು. ಕಾವಲುಗಾರರ ತಲೆಗಳನ್ನು ಒಂದೊಂದಾಗಿ ಕಿತ್ತು ಬಿಸಾಡಿದಳು. ರಾಜನ ಕೈಯನ್ನು ಭುಜದಿಂದಲೇ ಕಿತ್ತಳು.

ಚಿನ್ನದ ಪೆಟ್ಟಿಗೆಯನ್ನು ಮಾತ್ರ ಮುಟ್ಟಲಿಲ್ಲ. ರಾಣಿ ಗೊಂಬೆಯನ್ನು ಎತ್ತಿ ಹಡಗಿಗೆ ಹಾಕಿಕೊಂಡು ಓಡಿದಳು. ಮೂರು ಸಲ ಆಡಿದರೂ ಅದೇ...

ತಿಪ್ಪೇಶನಿಗೆ ರೇಗಿತು. ನಾಲ್ಕನೇ ಸಲ ರಾಣಿಯನ್ನು ಒಳಗಿಟ್ಟು, ಕೋಟೆಯ ಬಾಗಿಲಿಗೆ ಬ್ಲಾಕ್ಸ್ ಜೋಡಿಸಿ ಮುಚ್ಚಿಬಿಟ್ಟ. ಈಗ ಹೇಗೆ ಬರುತ್ತೀಯೋ ನೋಡೋಣ ಎಂದು ನಕ್ಕ.

ಮಗು ಬಾಗಿಲಿನ ಬ್ಲಾಕ್ಸ್ ಕೀಳಲು ಕೈ ಚಾಚಿತು. ತೆಗಿ ಅಪ್ಪ, ತೆಗಿ ಎಂದು ಬೇಡಿಕೊಂಡಿತು. ಅವನು ತೆಗೆಯಲಿಲ್ಲ.

ಪ್ರಣತಿ ಅವನ ಕೈಯನ್ನು ರಕ್ತ ಬರುವಂತೆ ಕಚ್ಚಿದಳು...

ಛಟಾರನೆ ಕೆನ್ನೆಗೆ ಏಟು ಬಿತ್ತು. ಮಗು ಗೋಡೆಗೆ ಬಡಿದು ಬಿತ್ತು. ತುಟಿ ಒಡೆದು ರಕ್ತ ಸುರಿಯಿತು. ತಿಪ್ಪೇಶ ಮತ್ತೆ ಕೈ ಎತ್ತಿದ.

ಅಡುಗೆಮನೆಯಿಂದ ಓಡಿ ಬಂದ ಗಂಗಾಂಬಿಕೆ ಮಗಳಿಗೆ ಅಡ್ಡ ನಿಂತಳು. ಏನಾಯಿತೆಂದು ಕೇಳಲೂ ಇಲ್ಲ... ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಏಟಿಗಾಗಿ ಕಾದಳು.

ಅವಳ ಸೆರಗಿನ ಹಿಂದಿನಿಂದ ಮಗಳು ಮಾತಾಡಿದಳು...

"ಅಪ್ಪ, ನನ್ ಪೈರೇಟ್‌ಗಳು ಕಳ್ಳರಲ್ಲ. ರಾಣೀನ ಕರ್ಕೊಂಡ್ ಹೋಗಕ್ಕೆ ಬರೋದು. ಕೋಟೆಗೆ ಒಂದೇ ಬಾಗ್ಲು... ರಾಜ ಅದನ್ನ ಹಾಕ್ಕೊಂಡ್ರೆ ಅವಳು ಎಲ್ಲಿಗ್ ಓಡ್ಬೇಕು? ನೀನು ಚಿಲ್ಕ ಹಾಕ್ದಾಗೆಲ್ಲ ನಾನು ಹೊರ್ಗಡೆ ನಿಂತ್ಕೊಂಡು ಎಣಿಸ್ತೀನಿ. ಮೊನ್ನೆ ಹನ್ನೊಂದ್ ಏಟು."

ಎತ್ತಿದ ಕೈ ಕೆಳಗಿಳಿಯಿತು.

ಹನ್ನೊಂದು... ಹೊಡೆದವನಿಗೇ ಅದು ಗೊತ್ತಿರಲಿಲ್ಲ.

ತಿಪ್ಪೇಶ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ತಪ್ಪಾಯಿತು, ನಾನೇನು ಮಾಡಲಿ ಹೇಳು ಎಂದು ಹೆಂಡತಿಯನ್ನು ಕೇಳಿದ.

ಇಂಥ ಎಷ್ಟೋ ತಪ್ಪಾಯಿತುಗಳನ್ನು ಕೇಳಿದವಳು ಅವಳು. ಮಗಳ ತುಟಿ ಒರೆಸುತ್ತಾ ಹೇಳಿದಳು...

"ಮಗೂನ ಕರ್ಕೊಂಡು ಅಕ್ಕನ ಮನೆಗೆ ಹೋಗ್ತೀನಿ. ತಡೀಬೇಡಿ."

ಮದುವೆಯಾದ ಮೇಲೆ ಮೊದಲ ಬಾರಿಗೆ ಅವನು ಅಡ್ಡ ನಿಲ್ಲಲಿಲ್ಲ. ತಾನೇ ಬ್ಯಾಗ್ ಹೊತ್ತು ತಂದು ಆಟೋದಲ್ಲಿಟ್ಟ.

ಆಟೋ ಹೊರಟಾಗ ಪ್ರಣತಿ ಹೆದರಿ ಹಿಂದೆ ತಿರುಗಿ ನೋಡಿದಳು. ಅಪ್ಪ ರಸ್ತೆಯಲ್ಲಿ ನಿಂತು ಅಳುತ್ತಿದ್ದ... ಬೆನ್ನಟ್ಟಿ ಬರಲಿಲ್ಲ.

ಬಾಗಿಲು ಹಾಕಿಕೊಂಡು ಹೊಡೆದರೂ, ಆ ಏಟು ಹೊರಗೆ ನಿಂತ ಮಗುವಿಗೂ ಬೀಳುತ್ತದೆ.

ನಿಮ್ಮ ಮಗು ತನ್ನ ಆಟದಲ್ಲಿ ನಿಮಗೆ ಯಾವ ಪಾತ್ರ ಕೊಟ್ಟಿದೆ... ಯಾವತ್ತಾದರೂ ಪಕ್ಕದಲ್ಲಿ ಕೂತು ನೋಡಿದ್ದೀರಾ?